ಅಫ್ರಾಮ್ ಬಯಲಿನ ಉಪದೇಶಿಗಳು

ಬಾಸೆಲ್ ಮಿಶನ್ ಎಂದರೆ ನಮ್ಮವರಿಗೆ ನೆನಪಾಗುವುದು ಕಿಟ್ಟೆಲರ ನಿಘಂಟು, ಮೋಗ್ಲಿಂಗರ 'ಮಂಗಳೂರ ಸಮಾಚಾರ', ಆಮೇಲೆ ಹೆಂಚು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬರುವ ಮೊದಲೇ, 1828ರಲ್ಲಿ, ಅದೇ ಬಾಸೆಲ್‌ನಿಂದ ನಾಲ್ವರು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್ ಕರಾವಳಿಯಲ್ಲಿ ಇಳಿದಿದ್ದರು. ಮೂವರು ವರ್ಷ ತುಂಬುವುದರೊಳಗೆ ಕಾಯಿಲೆ ಬಿದ್ದು ಸತ್ತರು. ನಾಲ್ಕನೆಯವರೂ ಹೆಚ್ಚು ಕಾಲ ಉಳಿಯಲಿಲ್ಲ. ಆ ಗೋಲ್ಡ್ ಕೋಸ್ಟೇ ಈಗಿನ ಘಾನಾ. 1990ರ ದಶಕದಲ್ಲಿ ಈ ಹಳೆಯ ನಂಟಿನ ಜಾಡು ಹಿಡಿದೇ ನನ್ನನ್ನು ಅಲ್ಲಿಗೆ ಕಳುಹಿಸಿದರು. ಕೆಲಸ: ಹಳ್ಳಿ ಸಭೆಗಳನ್ನು ನಡೆಸುವ ಉಪದೇಶಿಗಳಿಗೆ ತರಬೇತಿ ಕೊಡುವುದು.

ಹೊರಡುವ ಮುಂಚೆ ನಮ್ಮ ಸಭೆಯ ಹಿರಿಯರೊಬ್ಬರು, "ಅಯ್ಯನವರೇ, ಅಲ್ಲಿಯವರಿಗೆ ಕಲಿಸ್ಲಿಕ್ಕೆ ನಮ್ಮಲ್ಲಿ ಏನುಂಟು?" ಎಂದು ಕೇಳಿದ್ದರು. ವಿದೇಶಕ್ಕೆ ಬೋಧಕರು ಹೋಗುವುದೆಂದರೆ ಬಿಳಿಯರು ಇಲ್ಲಿಗೆ ಬರುವುದು ಎಂದೇ ತಿಳಿದಿದ್ದ ಕಾಲ. ಮುಲ್ಕಿಯ ಕಡೆಯ ತುಳುವನೊಬ್ಬ ಆಫ್ರಿಕದಲ್ಲಿ ಹೋಗಿ ಏನು ಹೇಳಿಯಾನು ಎಂಬ ಅನುಮಾನ ಅವರದ್ದು. ಕೇಳಬೇಕಾದ ಪ್ರಶ್ನೆಯೇ ಅದು. ಹೊರದೇಶಕ್ಕೆ ತರಬೇತಿಗೆಂದು ಹೊರಡುವ ಪ್ರತಿಯೊಬ್ಬರನ್ನೂ ವಿಮಾನ ಹತ್ತಿಸುವ ಮೊದಲು ಹೀಗೆ ಕೇಳುವ ಒಬ್ಬ ಹಿರಿಯರು ಇರಬೇಕು.

ನಾನು ಸೇರಿದ ಊರು ಅಬೆಟಿಫಿ. ರಾಜಧಾನಿ ಅಕ್ರಾದಿಂದ ಒಳನಾಡಿಗೆ ಹೋದರೆ ಕ್ವಾಹು ಎಂಬ ಗುಡ್ಡಸಾಲು ಸಿಗುತ್ತದೆ, ಅದರ ನೆತ್ತಿಯ ಮೇಲೆ ಈ ಊರು. ಘಾನಾದಲ್ಲಿ ಜನ ವಾಸವಿರುವ ಅತಿ ಎತ್ತರದ ಜಾಗ ಇದೇ ಎಂದು ಅಲ್ಲಿಯವರಿಗೆ ಹೆಮ್ಮೆ. ವರ್ಷದ ಕೊನೆಗೆ ಸಹಾರಾದ ಕಡೆಯಿಂದ ಹರ್ಮಟಾನ್ ಎಂಬ ಧೂಳುಗಾಳಿ ಬೀಸತೊಡಗಿದರೆ ತುಟಿ ಒಡೆಯುತ್ತದೆ, ಬೆಳಿಗ್ಗೆ ಕಂಬಳಿ ಬಿಟ್ಟು ಏಳುವ ಮನಸ್ಸಾಗುವುದಿಲ್ಲ. ಊರಿನ ತರಬೇತಿ ಕೇಂದ್ರಕ್ಕೆ ಫ್ರಿಟ್ಸ್ ರಾಮ್ಸೆಯರ್ ಅವರ ಹೆಸರಿದೆ. ಸ್ವಿಟ್ಜರ್ಲೆಂಡಿನ ಈ ಮಿಶನರಿಯನ್ನು 1869ರಲ್ಲಿ ಅಶಾಂಟಿ ಸೇನೆ ಹೆಂಡತಿ ಮಗುವಿನ ಸಮೇತ ಹಿಡಿದು ಕುಮಾಸಿಗೆ ನಡೆಸಿಕೊಂಡು ಹೋಯಿತು. ಕೂಸು ದಾರಿಯಲ್ಲೇ ತೀರಿಕೊಂಡಿತು. 1874ರವರೆಗೆ ಸೆರೆಯಲ್ಲಿದ್ದು ಬಿಡುಗಡೆಯಾದ ಮನುಷ್ಯ ಊರಿಗೆ ಹೋಗಿ ಸುಮ್ಮನಿರಲಿಲ್ಲ. ಮತ್ತೆ ಬಂದು 1876ರಲ್ಲಿ ಅಬೆಟಿಫಿಯಲ್ಲಿ ಮನೆ ಮಾಡಿದರು. ಅಲ್ಲಿಯ ಮುದುಕರು ಈ ಕಥೆಯನ್ನು ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಾರೆ.

ಘಾನಾದ ಪ್ರೆಸ್ಬಿಟೇರಿಯನ್ ಸಭೆಯ ವ್ಯವಸ್ಥೆ ನಮ್ಮ ಹಳೆಯ ಬಾಸೆಲ್ ಸಭೆಗಳದ್ದೇ ಅಚ್ಚು. ದೀಕ್ಷೆ ಪಡೆದ ಅಯ್ಯನವರು ಒಬ್ಬರು, ಅವರ ಕೈಕೆಳಗೆ ಹಲವು ಹಳ್ಳಿ ಸಭೆಗಳು, ಒಂದೊಂದು ಹಳ್ಳಿಗೂ ಒಬ್ಬ ಉಪದೇಶಿ. ಉಪದೇಶಿಯನ್ನು ಅಲ್ಲಿ ಕ್ಯಾಟಕಿಸ್ಟ್ ಎನ್ನುತ್ತಾರೆ. ದೀಕ್ಷಾಸ್ನಾನ, ಕರ್ತನ ಭೋಜನ ಇವಕ್ಕೆ ಅಯ್ಯನವರೇ ಬರಬೇಕು. ಉಳಿದದ್ದೆಲ್ಲ ಉಪದೇಶಿಯ ತಲೆಯ ಮೇಲೆ: ಪ್ರಸಂಗ, ಭಾನುವಾರ ಶಾಲೆ, ಗಾಯನ ತಂಡದ ಜಗಳ, ರೋಗಿಗಳ ಮನೆ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಮನೆ. ಆ ದೇಶದಲ್ಲಿ ಶನಿವಾರವೆಂದರೆ ಶವಸಂಸ್ಕಾರದ ದಿನ. ಕೆಂಪು, ಕಪ್ಪು ಬಟ್ಟೆ ಉಟ್ಟವರು ಬಸ್ಸು ತುಂಬಿ ಊರಿಂದೂರಿಗೆ ಹೋಗುತ್ತಾರೆ. ಉಪದೇಶಿಯ ಸಂಬಳ ಹೆಸರಿಗೆ ಮಾತ್ರ, ಅಲ್ಲಿಯ ನಾಣ್ಯವಾದ ಸೆಡಿಯ ಬೆಲೆಯೋ ವರ್ಷ ವರ್ಷಕ್ಕೂ ಕುಸಿಯುತ್ತಿತ್ತು. ಹಾಗಾಗಿ ಎಲ್ಲರಿಗೂ ಹೊಲವಿತ್ತು. ತರಗತಿಯ ದಿನಗಳನ್ನು ಗೊತ್ತುಮಾಡುತ್ತಿದ್ದದ್ದು ಕೊಕ್ಕೊ ಕೊಯ್ಲು, ಗೆಣಸಿನ ನಾಟಿ. ನಮ್ಮ ವೇಳಾಪಟ್ಟಿಗೆ ಅದರಲ್ಲಿ ಮಾತೇ ಇರಲಿಲ್ಲ.

ನನ್ನ ಕೈಗೆ ಬಂದ ಪಾಠಪಟ್ಟಿಯಲ್ಲಿ ಸಭಾ ಚರಿತ್ರೆ, ಹಳೆ ಒಡಂಬಡಿಕೆಯ ಪರಿಚಯ, ಪ್ರಸಂಗ ಕಲೆ ಎಂದೆಲ್ಲ ಇತ್ತು. ಮೊದಲ ವಾರವೇ ಉಪದೇಶಿಗಳು ತಂದಿಟ್ಟ ಪ್ರಶ್ನೆಗಳು ಬೇರೆಯವು. ಇಬ್ಬರು ಹೆಂಡಿರಿರುವವನು ಸಭೆಗೆ ಸೇರಬೇಕೆನ್ನುತ್ತಾನೆ, ಎರಡನೆಯವಳನ್ನು ಬಿಟ್ಟು ಬಾ ಎಂದು ಹೇಳಿದರೆ ಆಕೆಯ ಮಕ್ಕಳ ಗತಿಯೇನು? ಊರಗೌಡ ಹಿರಿಯರಿಗೆ ನೆಲದ ಮೇಲೆ ಮದ್ಯ ಎರೆಯುವಾಗ ಸಭೆಯ ಹಿರಿಯನೂ ಆದ ಅವನ ತಮ್ಮ ಎದ್ದುಹೋಗಬೇಕೇ, ಕೂತಿರಬೇಕೇ? ಮಾಟಗಾತಿಯೆಂದು ಹೆಸರು ಬಿದ್ದ ಮುದುಕಿಯನ್ನು ಮನೆಯವರೇ ಹೊರಗೆ ಹಾಕಿದ್ದಾರೆ, ಉಪದೇಶಿ ತನ್ನ ಮನೆಯಲ್ಲಿ ಇಟ್ಟುಕೊಂಡರೆ ಸಭೆಗೆ ಜನ ಬರುವುದಿಲ್ಲ, ಏನು ಮಾಡುವುದು? ಇವುಗಳಲ್ಲಿ ಒಂದಕ್ಕೂ ನನ್ನ ಪಟ್ಟಿಯಲ್ಲಿ ಜಾಗವಿರಲಿಲ್ಲ. ಕೇಂದ್ರದ ಮುಖ್ಯಸ್ಥರು ಜಾಣರು, ಪಟ್ಟಿಯನ್ನು ಪರೀಕ್ಷೆಗೆ ಇಟ್ಟುಕೊಳ್ಳೋಣ, ಪಾಠಕ್ಕೆ ಪ್ರಶ್ನೆಗಳನ್ನೇ ಇಟ್ಟುಕೊಳ್ಳೋಣ ಎಂದರು. ನಾನು ಒಪ್ಪಿದೆ.

ಅವರು ನನ್ನನ್ನು ತಮ್ಮವನೆಂದು ಎಣಿಸಿದ್ದು ಆಸ್ತಿಯ ಮಾತು ಬಂದ ದಿನ. ಅಲ್ಲಿಯ ಅಕಾನ್ ಜನರಲ್ಲಿ ವಂಶ ತಾಯಿಯ ಕಡೆಯಿಂದ ಹರಿಯುತ್ತದೆ, ಗಂಡಸು ಸತ್ತರೆ ಅವನ ಆಸ್ತಿ ಸೋದರಳಿಯನ ಕಡೆಗೆ ಹೋಗುವುದು ಪದ್ಧತಿ. ಹೆಂಡತಿ ಮಕ್ಕಳ ಪಾಲು ಉಳಿಸಲು ಸರ್ಕಾರ 1985ರಲ್ಲಿ ಕಾನೂನು ತಂದಿತ್ತು. ಆದರೂ ಹಳ್ಳಿಗಳಲ್ಲಿ ಹೆಣ ಮಣ್ಣಾಗುವ ಮೊದಲೇ ಬಾಗಿಲಿಗೆ ಬೀಗ ಬೀಳುತ್ತಿತ್ತು. ಹೊರಗಿನಿಂದ ಬಂದ ಬೋಧಕರು ಇದನ್ನು ಕೇಳಿ ಕಣ್ಣರಳಿಸುವುದು ಅವರಿಗೆ ರೂಢಿ. ನಮ್ಮ ತುಳುನಾಡಿನ ಅಳಿಯಸಂತಾನದ ವಿಷಯ ಹೇಳಿದೆ. ನಮ್ಮ ಮುತ್ತಜ್ಜ ಕ್ರೈಸ್ತನಾದಾಗ ಕುಟುಂಬದ ಆಸ್ತಿಯಿಂದ ಹೊರಬಿದ್ದದ್ದು, ಅವನ ಅಕ್ಕ ಮಾತ್ರ ಯಾರಿಗೂ ತಿಳಿಯದಂತೆ ಅಕ್ಕಿ ಕಳಿಸುತ್ತಿದ್ದದ್ದು, ಮುಂದೆ ಅವಳ ಮಗನೇ ಬಂದು ಮುತ್ತಜ್ಜನ ಶವಕ್ಕೆ ಹೆಗಲು ಕೊಟ್ಟದ್ದು, ಎಲ್ಲ ಹೇಳಿದೆ. ತರಗತಿ ಒಮ್ಮೆ ಸ್ತಬ್ಧವಾಯಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬ, "ಹಾಗಾದರೆ ಓಸೊಫೊ, ನಿಮ್ಮಲ್ಲೂ ಮಾವನೇ ದೊಡ್ಡವನೋ?" ಎಂದ. ಓಸೊಫೊ ಎಂದರೆ ನಮ್ಮ ಅಯ್ಯನವರು. ಆ ಸಂಜೆ ನನ್ನ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಊರಿನ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿದ್ದರೆ ಇದನ್ನೇ ಕೊಡುತ್ತಿದ್ದೆ: ಕಲಿಸುವುದಕ್ಕೆ ನಮ್ಮಲ್ಲಿ ದೊಡ್ಡದೇನೂ ಇಲ್ಲ, ಆದರೆ ಅವರು ಹೊತ್ತ ಭಾರವನ್ನು ನಾವೂ ಹೊತ್ತಿದ್ದುಂಟು.

ಉಪದೇಶಿ ಹೇಗಿರಬೇಕು ಎಂಬ ನನ್ನ ಅಳತೆಗೋಲು ಬೇರೊಂದು ಕಡೆ ತಯಾರಾದದ್ದು. ಬಲ್ಮಠದ ದೈವಶಾಸ್ತ್ರ ಕಾಲೇಜಿನಲ್ಲಿ ಓದು ಮುಗಿಸಿ ಮೊದಲು ಹೋದದ್ದು ಸಾಗರದ ಕಡೆಗೆ. ಅಲ್ಲಿ ಒಬ್ಬ ನಿವೃತ್ತ ಉಪದೇಶಿ ಇದ್ದರು, ಎಲ್ಲರಿಗೂ ಉಪದೇಶಿ ಅಜ್ಜ. ಅವರಿಗೆ ಗ್ರೀಕ್ ಗೊತ್ತಿಲ್ಲ, ಹೀಬ್ರೂ ಗೊತ್ತಿಲ್ಲ. ಕೊಡೆ ಹಿಡಿದು ನನ್ನ ಜೊತೆ ಮನೆ ಮನೆಗೆ ನಡೆದರು. ಮೊದಲು ಅಡಿಕೆಗೆ ಬಂದ ಕೊಳೆರೋಗದ ವಿಷಯ, ಆಮೇಲೆ ಮಗಳ ಬಾಣಂತನ, ಕೊನೆಗೆ ನಾಲ್ಕು ಮಾತಿನ ಪ್ರಾರ್ಥನೆ. "ಅಯ್ಯನವರೇ, ಮನೆಗೆ ಹೋದ್ರೆ ಮೊದ್ಲು ಕೂತ್ಕೊಳ್ಳಿ. ನಿಂತು ಪ್ರಾರ್ಥನೆ ಮಾಡಿ ಹೊರಡುವವರು ಪೋಸ್ಟ್‌ಮ್ಯಾನ್ ಇದ್ದ ಹಾಗೆ" ಎಂದಿದ್ದರು ಒಮ್ಮೆ. ನನ್ನ ಪ್ರಸಂಗದ ಬಗ್ಗೆ ಸಭೆಯಲ್ಲಿ ಯಾರೆದುರೂ ಒಂದು ಮಾತಾಡಿದವರಲ್ಲ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಒಂದೇ ಒಂದು ವಾಕ್ಯ ಬರುತ್ತಿತ್ತು. "ಎಲ್ಲಾ ಒಳ್ಳೇದಿತ್ತು, ಹಿಂದೆ ಕೂತ ಮುದುಕಿಗೆ ಮಾತ್ರ ಏನೂ ಸಿಕ್ಕಲಿಲ್ಲ." ಮುಂದಿನ ಭಾನುವಾರ ಆ ಮುದುಕಿಯ ಮುಖ ನೋಡದೆ ಪ್ರಸಂಗ ಮಾಡುವುದು ಸಾಧ್ಯವಿರಲಿಲ್ಲ. ಶಿಷ್ಯತ್ವದ ಬಗ್ಗೆ ಆಮೇಲೆ ಎಷ್ಟೋ ಪುಸ್ತಕ ಓದಿದ್ದೇನೆ, ಆ ದಾರಿಯಲ್ಲಿ ಕಲಿತದ್ದರ ಮುಂದೆ ಅವು ಕಡಿಮೆಯೇ.

ಅಬೆಟಿಫಿಯಿಂದ ಗುಡ್ಡ ಇಳಿದರೆ ಅಡಾವ್ಸೊ ಎಂಬಲ್ಲಿ ರಸ್ತೆ ನೀರಿನಲ್ಲಿ ಮುಗಿಯುತ್ತದೆ. ಅದು ವೋಲ್ಟಾ ಸರೋವರದ ಒಂದು ತೋಳು. ಅಲ್ಲಿ ದೊಡ್ಡ ಲಾಂಚು ಹತ್ತಿ ಆಚೆ ದಡದ ಎಚೆ ಅಮಾನ್‌ಫ್ರೊಮ್ ಸೇರಿದರೆ ಅಫ್ರಾಮ್ ಬಯಲು ಶುರು. ಲಾರಿ, ಮೇಕೆ, ಗೆಣಸಿನ ರಾಶಿ, ಶಾಲೆಯ ಮಕ್ಕಳು ಎಲ್ಲ ಒಂದೇ ಲಾಂಚಿನಲ್ಲಿ. ಮೊದಲ ಸಲ ಹತ್ತಿದಾಗ ನನಗೆ ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ಲಾಂಚು ಕಣ್ಣಿಗೆ ಬಂತು. ಈಗ ಸಿಗಂದೂರಿಗೆ ಸೇತುವೆಯಾಗಿದೆ, ಆಗ ಲಾಂಚೇ ಗತಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ವೋಲ್ಟಾಕ್ಕೆ ಕಟ್ಟಿದ ಅಕೊಸೊಂಬೊ 1965ರಲ್ಲಿ. ಎರಡೂ ವಿದ್ಯುತ್ತಿಗಾಗಿ ಕಟ್ಟಿದ್ದು. ಘಾನಾದಲ್ಲಿ ಎದ್ದುಹೋದವರು ಸುಮಾರು 80,000 ಜನ. ಶರಾವತಿ ಮುಳುಗಡೆಯ ಸಂತ್ರಸ್ತರ ಮನೆಗಳಲ್ಲಿ ಕೂತು ಬಂದವನಿಗೆ ಅಫ್ರಾಮ್ ಬಯಲಿನ ಮನೆಗಳಲ್ಲಿ ಏನು ಕೇಳಬೇಕು, ಏನು ಕೇಳಬಾರದು ಎಂಬುದು ಗೊತ್ತಿತ್ತು. ದೂರದಲ್ಲಿ ತಂತಿ ಹೊತ್ತ ಕಂಬಗಳು ಕಾಣುತ್ತಿದ್ದವು, ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ. ಇಲ್ಲೂ ಹಾಗೆಯೇ ಇತ್ತು.

ಆ ಬಯಲಿನ ಉಪದೇಶಿಗಳಿಗೆ ಅಬೆಟಿಫಿಗೆ ಬಂದು ವಾರಗಟ್ಟಲೆ ಕೂರಲು ಆಗುತ್ತಿರಲಿಲ್ಲ. ಬಂದವರಲ್ಲೂ ಚುರುಕಾದವರು ತಿರುಗಿ ಹೋಗುತ್ತಿರಲಿಲ್ಲ. ಇದೊಂದು ಹಳೆಯ ರೋಗ. ಒಳ್ಳೆಯವನನ್ನು ಹಳ್ಳಿಯಿಂದ ಎತ್ತಿ ಪೇಟೆಯಲ್ಲಿ ಓದಿಸುತ್ತೇವೆ, ಓದಿದವನಿಗೆ ಪೇಟೆಯ ಸಭೆ ಸಿಗುತ್ತದೆ, ಹಳ್ಳಿ ಬರಿದಾಗುತ್ತದೆ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ನರು ಇದನ್ನು ಕಂಡು, ವಿದ್ಯಾರ್ಥಿ ಬರುವುದು ಬೇಡ, ಗುರುವೇ ಹೋಗಲಿ ಎಂದು ಹೊಸ ಕ್ರಮ ಶುರು ಮಾಡಿದ್ದರು. ಅದರ ಅಲೆ ನಮ್ಮಲ್ಲಿಗೂ ಬಂದು 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟೀ ಎಂಬ ಸಂಸ್ಥೆ ಹುಟ್ಟಿತು. ನಾವು ಅಫ್ರಾಮ್ ಬಯಲಿನಲ್ಲಿ ಮಾಡಿದ್ದು ಅದಕ್ಕಿಂತ ಸರಳ. ಒಬ್ಬ ಹಿರಿಯ ಉಪದೇಶಿಗೆ ಇಬ್ಬರು ಕಿರಿಯರನ್ನು ಜೊತೆ ಮಾಡಿದೆವು. ಶನಿವಾರದ ಸಾವಿನ ಮನೆಗೆ ಮೂವರೂ ಒಟ್ಟಿಗೆ ಹೋಗಬೇಕು. ಒಂದು ಸಲ ಹಿರಿಯರು ಮಾತಾಡುತ್ತಾರೆ, ಕಿರಿಯರು ನೋಡುತ್ತಾರೆ. ಮುಂದಿನ ಸಲ ಕಿರಿಯರು ಮಾತಾಡುತ್ತಾರೆ, ಹಿರಿಯರು ಸುಮ್ಮನಿರುತ್ತಾರೆ. ನಾನು ಕೆಲವು ತಿಂಗಳಿಗೊಮ್ಮೆ ಹೋಗಿ, ನಡೆದದ್ದನ್ನು ಅವರ ಬಾಯಿಂದ ಕೇಳುತ್ತಿದ್ದೆ, ಎಲ್ಲಿ ಕಷ್ಟವಾಯಿತೋ ಅಲ್ಲಿ ಸತ್ಯವೇದದ ಒಂದು ಭಾಗ ತೆರೆದು ಓದುತ್ತಿದ್ದೆವು. ಅಷ್ಟೇ. ಹಿರಿಯರು ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಪಾಠ ಎಂದು ಬೇಗನೆ ಗೊತ್ತಾಯಿತು.

ಅದರಲ್ಲಿ ಪಳಗಿದವರು ಒಬ್ಬರಿದ್ದರು. ಹಿಂದೆ ಮಿಶನ್ ಶಾಲೆಯಲ್ಲಿ ಕಲಿಸಿದ್ದರಿಂದ ಎಲ್ಲರೂ ಅವರನ್ನು ಟೀಚರ್ ಎನ್ನುತ್ತಿದ್ದರು. ಒಮ್ಮೆ ಕಿರಿಯನೊಬ್ಬ ಮಗು ಸತ್ತ ಮನೆಯಲ್ಲಿ ದೇವರ ಚಿತ್ತ, ದೇವರ ಚಿತ್ತ ಎಂದು ಬಹಳ ಹೊತ್ತು ಮಾತಾಡಿದ. ಟೀಚರ್ ಮಧ್ಯೆ ಬಾಯಿ ಹಾಕಲಿಲ್ಲ. ಹೊರಗೆ ಬಂದ ಮೇಲೂ ಏನೂ ಹೇಳಲಿಲ್ಲ. ಮರುದಿನ ಸಂಜೆ ಅವನನ್ನು ಕರೆದುಕೊಂಡು ಅದೇ ಮನೆಗೆ ಹೋಗಿ, ತಾಯಿಯ ಎದುರು ಬೆಂಚಿನ ಮೇಲೆ ಕೂತರು. ಕತ್ತಲಾಗುವವರೆಗೆ ಕೂತಿದ್ದು ಎದ್ದು ಬಂದರು. ಒಂದು ಪ್ರಾರ್ಥನೆಯೂ ಇಲ್ಲ. ಆ ಹುಡುಗನೇ ನನಗೆ ಇದನ್ನು ಹೇಳಿದ್ದು. "ಓಸೊಫೊ, ಅವರು ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಮರೆಯುತ್ತಿದ್ದೆ" ಎಂದ. ಸಾಗರದ ಅಜ್ಜನಿಗೂ ಈ ಟೀಚರಿಗೂ ಭೇಟಿಯಾಗಿದ್ದರೆ ಭಾಷೆ ಬೇಕಾಗುತ್ತಿರಲಿಲ್ಲ.

ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರವನ್ನು ತರಬೇತಿಯ ಎಲ್ಲ ಪುಸ್ತಕಗಳೂ ಎತ್ತಿ ಹೇಳುತ್ತವೆ: ನನ್ನಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸು, ಅವರು ಇತರರಿಗೆ ಕಲಿಸಲಿ ಎಂಬ ಭಾಗ. ನಾವು ಆ ಪತ್ರವನ್ನು ಕೊನೆಯಿಂದ ಓದಲು ಶುರು ಮಾಡಿದೆವು. ಅಲ್ಲಿ ಮುದಿ ಪೌಲ, ಸೆರೆಯಲ್ಲಿದ್ದಾನೆ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ ಎನ್ನುತ್ತಾನೆ. ಹರ್ಮಟಾನ್ ಬೀಸುತ್ತಿದ್ದ ದಿನ ಅದು, ಚಳಿಯ ಮಾತು ವಿವರಿಸಬೇಕಾಗಿರಲಿಲ್ಲ. ಒಬ್ಬ ಕೇಳಿದ: "ತಿಮೊಥೆಯ ಆ ಅಂಗಿ ತಂದನೇ?" ಸತ್ಯವೇದದಲ್ಲಿ ಹೇಳಿಲ್ಲ. ಅಲ್ಲಿಂದ ಮಾತು ಪಿಂಚಣಿಯಿಲ್ಲದೆ ಗುಡಿಸಲಲ್ಲಿ ಮಲಗಿರುವ ಹಳೆಯ ಉಪದೇಶಿಗಳ ಕಡೆ ಹೊರಳಿತು. ಯಾರ ಮನೆಗೆ ಯಾರು ಹೋಗುತ್ತಾರೆ ಎಂದು ಅಂದೇ ಪಟ್ಟಿಯಾಯಿತು. ಗುರುವಿನ ಅಂಗಿ ತರುವುದೂ ಶಿಷ್ಯನ ಕೆಲಸವೇ ಎಂದು ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ.

ಕೈಪಿಡಿಗಳು ಬರುತ್ತಿದ್ದವು, ಪೆಟ್ಟಿಗೆಗಟ್ಟಲೆ. ಅವುಗಳ ಜೊತೆ ಜನರೂ ಬರುತ್ತಿದ್ದರು. ಒಂದು ವಿದೇಶಿ ತಂಡ ನಾಯಕತ್ವ ತರಬೇತಿ ಎಂದು ಮೂರು ದಿನದ ಶಿಬಿರ ಇಟ್ಟಿತು. ಹೆಗಲಚೀಲ, ಪೆನ್ನು, ಊಟ, ಪ್ರಯಾಣದ ಖರ್ಚು, ಕೊನೆಗೆ ಬಂಗಾರದ ಅಂಚಿನ ಪ್ರಮಾಣಪತ್ರ, ಗುಂಪು ಫೋಟೊ. ಹಿಂದಿನ ತಿಂಗಳು ಬೇರೊಂದು ತಂಡದ ಶಿಬಿರಕ್ಕೆ ಹೋಗಿದ್ದವರೇ ಇಲ್ಲೂ ಮುಂದಿನ ಸಾಲಿನಲ್ಲಿದ್ದರು. ಅವರನ್ನು ದೂರುವುದಿಲ್ಲ. ತಿಂಗಳ ಸಂಬಳಕ್ಕಿಂತ ಪ್ರಯಾಣದ ಖರ್ಚು ಹೆಚ್ಚಿದ್ದರೆ ಯಾರು ಬಿಡುತ್ತಾರೆ? ನನಗೆ ಸಿಟ್ಟು ಬಂದದ್ದು ತಂಡದ ವರದಿ ಓದಿದಾಗ. ಇಷ್ಟು ಮಂದಿ ಪಾಸ್ಟರುಗಳನ್ನು ಶಿಷ್ಯರನ್ನಾಗಿ ಮಾಡಿದೆವು ಎಂದು ಅದರಲ್ಲಿತ್ತು. ಆ ಮೂರು ದಿನಗಳಲ್ಲಿ ಒಬ್ಬ ಉಪದೇಶಿಯ ಊರಿನಲ್ಲಿ ಸಾವಾಗಿತ್ತು, ಅವನು ಶಿಬಿರದಲ್ಲಿದ್ದ. ಶಿಬಿರದಿಂದ ಒಂದಿಷ್ಟು ತಿಳಿವಳಿಕೆ ಬರುತ್ತದೆ, ಬರಲಿ. ಅದಕ್ಕೆ ಶಿಷ್ಯತ್ವದ ಹೆಸರು ಕೊಟ್ಟು ದಾನಿಗಳಿಗೆ ಲೆಕ್ಕ ಒಪ್ಪಿಸುವುದು ಮೋಸ. ಈಗ ನಮ್ಮ ಕರ್ನಾಟಕದಿಂದಲೂ ಇಂಥ ತಂಡಗಳು ನೇಪಾಳಕ್ಕೆ, ಆಫ್ರಿಕಕ್ಕೆ ಹಾರುತ್ತಿರುವುದನ್ನು ನೋಡುತ್ತೇನೆ. ಬಿಳಿಯರಿಂದ ಕಲಿಯಲು ಇದೇ ಸಿಕ್ಕಿತೇ?

ಆ ಬಿಳಿಯರಿಗೇ ಒಬ್ಬ ಆಫ್ರಿಕದ ದೊರೆ ಪಾಠ ಹೇಳಿದ ಕಥೆಯೊಂದು ಅಲ್ಲಿ ಎಲ್ಲರಿಗೂ ಗೊತ್ತು. ಆಂಡ್ರಿಯಾಸ್ ರೀಸ್ ಎಂಬ ಮಿಶನರಿ 1835ರಲ್ಲಿ ಆಕ್ರೊಪಾಂಗ್ ಎಂಬ ಗುಡ್ಡದೂರಿಗೆ ಬಂದು ವರ್ಷಗಟ್ಟಲೆ ದುಡಿದರೂ ಒಬ್ಬನೂ ಕ್ರೈಸ್ತನಾಗಲಿಲ್ಲ. ಅವರು ಹೊರಟು ನಿಂತಾಗ ದೊರೆ ಅಡ್ಡೊ ಡಂಕ್ವಾ, ನಿಮ್ಮ ಪುಸ್ತಕ ಓದಬಲ್ಲ ಕರಿಯನೊಬ್ಬನನ್ನು ತೋರಿಸಿದರೆ ಆಗ ಯೋಚಿಸುತ್ತೇವೆ ಎಂಬರ್ಥದ ಮಾತು ಹೇಳಿದರಂತೆ. ಬಾಸೆಲ್‌ನವರು ಅದನ್ನು ಗಂಭೀರವಾಗಿ ತೆಗೆದುಕೊಂಡು 1843ರಲ್ಲಿ ಜಮೈಕಾ, ಆಂಟಿಗುವಾಗಳಿಂದ 24 ಮಂದಿ ಕರಿಯ ಕ್ರೈಸ್ತರನ್ನು ಕರೆತಂದರು. ಗುಲಾಮಗಿರಿಯ ನೆಲದಿಂದ ಬಂದ ಸಂಸಾರಸ್ಥರು. ಅವರು ಅಲ್ಲಿಯೇ ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಮಾವಿನ ಸಸಿಗಳನ್ನೂ ತಂದು ನೆಟ್ಟರು. ನಮ್ಮ ಮಾವು ಅಷ್ಟು ಸುತ್ತಿ ಬಂದು ಅಲ್ಲಿ ನನಗೆ ಸಿಕ್ಕಿತು, ಉಪ್ಪಿನಕಾಯಿ ಹಾಕುವವರು ಮಾತ್ರ ಯಾರೂ ಇರಲಿಲ್ಲ. ಅವರು ಬಂದು 5 ವರ್ಷಕ್ಕೆ, 1848ರಲ್ಲಿ, ಆ ಊರಿನಲ್ಲಿ ಉಪದೇಶಿ, ಶಿಕ್ಷಕರ ಸೆಮಿನರಿ ಶುರುವಾಯಿತು. ಜನ ನಂಬಿದ್ದು ಪಕ್ಕದ ಮನೆಯಲ್ಲಿ ಬಾಳಿದವರನ್ನು ನೋಡಿ. ಮಂಗಳೂರಿನಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯ ಮೋಗ್ಲಿಂಗರ ಜೊತೆಯಲ್ಲೇ ಬೆಳೆದು, ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು ತಿರುಗಿ ಬಂದು ಇಲ್ಲಿಯೇ ಕಲಿಸಿದರು. ಆಕ್ರೊಪಾಂಗಿನ ಡೇವಿಡ್ ಅಸಾಂಟೆ 1857ರಿಂದ 1862ರವರೆಗೆ ಅದೇ ಬಾಸೆಲ್‌ನಲ್ಲಿ ಓದಿ ತಿರುಗಿ ಹೋದರು. ಇಬ್ಬರೂ ತಿರುಗಿ ಬಂದರು ಎಂಬುದೇ ನನಗೆ ಮುಖ್ಯ.

ಅದೇ ಪರಂಪರೆಗೆ ಇನ್ನೊಂದು ಮುಖವೂ ಇತ್ತು. ಆಕ್ರೊಪಾಂಗಿನ ಕಾಲೇಜಿನಲ್ಲಿ ಕಲಿಸುತ್ತಿದ್ದ ದೊಡ್ಡ ಸಂಗೀತಗಾರ ಎಫ್ರೈಮ್ ಅಮು, ಕೋಟಿನ ಬದಲು ತಮ್ಮ ನಾಡಿನ ಬಟ್ಟೆ ಹೊದ್ದು ಪ್ರಸಂಗ ಮಾಡಿದ್ದಕ್ಕಾಗಿ ಸಭೆಯವರ ಸಿಟ್ಟಿಗೆ ಗುರಿಯಾಗಿ 1933ರಲ್ಲಿ ಕೆಲಸ ಕಳೆದುಕೊಂಡರು. ಹಾಗೆ ಮಾಡಿದವರು ಸ್ಥಳೀಯ ಹಿರಿಯರೇ. ಶಿಷ್ಯನನ್ನು ತನ್ನ ಅಚ್ಚಿಗೇ ಎರಕ ಹೊಯ್ಯುವ ಗುರು ಬಿಟ್ಟುಹೋದ ಮೇಲೂ ಅಚ್ಚು ಉಳಿಯುತ್ತದೆ. ಅದಕ್ಕೇ ನಾನು ಅಲ್ಲಿ ಕಂಡವರಲ್ಲಿ ಹೆಚ್ಚು ಮೆಚ್ಚಿದ್ದು, ತಾಯ್ನುಡಿಯಲ್ಲೇ ದೇವರ ವಿಷಯ ಯೋಚಿಸಬೇಕೆಂದು ವಾದಿಸುತ್ತಿದ್ದವರನ್ನು. ಕ್ವಾಮೆ ಬೆಡಿಯಾಕೊ 1987ರಲ್ಲಿ ಅದಕ್ಕಾಗಿಯೇ ಆಕ್ರೊಪಾಂಗಿನಲ್ಲಿ ಒಂದು ಸಂಸ್ಥೆ ಕಟ್ಟಿದರು. ಅವರು ತಮ್ಮ ಬರಹಗಳಲ್ಲಿ ಎತ್ತಿ ತೋರಿಸಿದ್ದು ನಮ್ಮ ಕ್ವಾಹು ಸೀಮೆಯ ಆಫುವಾ ಕುಮಾ ಎಂಬ ಓದುಬರಹವಿಲ್ಲದ ರೈತ ಹೆಂಗಸನ್ನು, ಸೂಲಗಿತ್ತಿಯನ್ನು. ಆಕೆ ಟ್ವಿ ಭಾಷೆಯಲ್ಲಿ ಯೇಸುವನ್ನು ಸ್ತುತಿಸಿ ಕಟ್ಟಿದ ಪ್ರಾರ್ಥನೆಗಳು ಪುಸ್ತಕವಾಗಿ ಬಂದಿವೆ. ನಾನು ಹೋಗುವ ಹೊತ್ತಿಗೆ ಆಕೆ ಇರಲಿಲ್ಲ. ಆಕೆಯ ಪ್ರಾರ್ಥನೆ ಬಾಯಿಪಾಠ ಬರುತ್ತಿದ್ದ ಹೆಂಗಸರು ಪ್ರತಿ ಸಭೆಯಲ್ಲೂ ಇದ್ದರು. ಉಪದೇಶಿಗಳಿಗೆ ಪ್ರಾರ್ಥನೆ ಕಲಿಸಲು ಅವರನ್ನೇ ಕರೆದೆವು.

ನಾನು ಬಿಟ್ಟು ಬಂದ ಮೇಲೆ ನನ್ನ ಜಾಗಕ್ಕೆ ಹೊರಗಿನವರು ಯಾರೂ ಹೋಗಲಿಲ್ಲ. ಅಫ್ರಾಮ್ ಬಯಲಿನ ಆ ಮೂವರ ಗುಂಪುಗಳ ಕೆಲಸವನ್ನು ಟೀಚರೇ ವಹಿಸಿಕೊಂಡರು, ಅವರ ನಂತರ ಮಗು ಸತ್ತ ಮನೆಯಲ್ಲಿ ಹೆಚ್ಚು ಮಾತಾಡಿದ್ದ ಆ ಹುಡುಗ. ಈಗ ಅವನಿಗೂ ತಲೆ ನರೆತಿದೆ.

ನಮ್ಮಲ್ಲಿ ಉಪದೇಶಿಗಳೇ ಕಾಣೆಯಾಗುತ್ತಿದ್ದಾರೆ. ಹಳ್ಳಿಯ ಸಭೆಗೆ ಕಾಲೇಜು ಮುಗಿಸಿದ ಇಪ್ಪತ್ತೈದರ ಹುಡುಗನೋ ಹುಡುಗಿಯೋ ಬರುತ್ತಾರೆ, ಒಂಟಿಯಾಗಿ ತಿಣುಕುತ್ತಾರೆ, ವರ್ಗಾವಣೆ ಕೇಳಿಕೊಂಡು ಹೋಗುತ್ತಾರೆ. ವಿದೇಶದ ಮಾತು ಆಮೇಲೆ. ನನ್ನ ಹಾಗೆ ನಿವೃತ್ತರಾಗಿ ಮನೆಯಲ್ಲಿ ಕೂತಿರುವ ಅಯ್ಯನವರುಗಳಿಗೆ ಒಂದು ಬಿನ್ನಹ: ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಸಭೆಯಲ್ಲಿ ಪ್ರಸಂಗ ಕೇಳಬೇಡಿ, ಅಧ್ಯಕ್ಷತೆ ಕೇಳಬೇಡಿ. ಹಿಂದಿನ ಬೆಂಚಿನಲ್ಲಿ ಕೂತು, ಮುಗಿದ ಮೇಲೆ ಅವರ ಜೊತೆ ನಾಲ್ಕು ಮನೆಗೆ ನಡೆದು ಬನ್ನಿ. ಎರಡು ವರ್ಷ ಬಿಡದೆ ಹೋಗಿ.